ಹಾಲೆಂಡಿನ ಹೊಲದಲ್ಲಿ ಚೆಲ್ಲಿದ ನೀರು

ಹೊರಡುವ ಮುಂಚೆ

ನಂಜನಗೂಡಿನವಳು ಹಾಲೆಂಡಿಗೆ ಹೋಗಿಬಂದೆ ಅಂದರೆ ಜನ ಕೇಳುವ ಮೊದಲ ಪ್ರಶ್ನೆ ಚಳಿ ಎಷ್ಟಿತ್ತು ಅಂತ, ಎರಡನೆಯದು ಅನ್ನ ಸಿಕ್ಕಿತಾ ಅಂತ. ಚಳಿ ಒಂದು ಸ್ವೆಟರಿನಷ್ಟಿತ್ತು. ಅನ್ನ ಒಂಬತ್ತು ದಿನದಲ್ಲಿ ಎರಡು ಸಲ ಸಿಕ್ಕಿತು. ಇಷ್ಟು ಹೇಳಿದರೆ ಹೆಚ್ಚಿನವರಿಗೆ ಸಾಕು. ಆದರೆ ಅಲ್ಲಿ ನಡೆದದ್ದು ಇನ್ನೊಂದಿದೆ. ಬಾಯಲ್ಲಿ ಹೇಳಲು ಸ್ವಲ್ಪ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನ ಕೆಲವು ಡಾಕ್ಟರುಗಳೂ ಹಾಲೆಂಡಿನ ಒಂದು ವಿಶ್ವವಿದ್ಯಾಲಯದವರೂ ಸೇರಿ ಹೊಲಗದ್ದೆಯಲ್ಲಿ ಕೂಲಿ ಮಾಡುವವರ ಆರೋಗ್ಯದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ನಾಟಿ ಹಾಕುವವರಿಗೆ, ಕಳೆ ಕೀಳುವವರಿಗೆ ಉರಿಮೂತ್ರ, ತಲೆಸುತ್ತು, ಸೊಂಟದ ಮೇಲ್ಗಡೆ ನೋವು ಯಾಕೆ ಇಷ್ಟು? ಅವರ ಮೂತ್ರಪಿಂಡಕ್ಕೆ ಏನಾಗುತ್ತಿದೆ? ಬಿಸಿಲಿನಲ್ಲಿ ನೀರು ಸಾಲದೆ ಹೀಗಾಗುತ್ತಿದೆಯೋ, ಬೇರೆ ಏನಾದರೂ ಇದೆಯೋ? ಇದು ಅವರ ಪ್ರಶ್ನೆ. ನಾನು ಅದರಲ್ಲಿ ಕ್ಷೇತ್ರ ಕಾರ್ಯಕರ್ತೆ. ಬೆಳಗ್ಗೆ ಮೊದಲ ಬಸ್ಸು ಹಿಡಿದು ಟಿ. ನರಸೀಪುರದ ಕಡೆ ಕಾಲುವೆ ಕೆಳಗಿನ ಒಂದು ಹಳ್ಳಿಗೆ ಹೋಗಬೇಕು, ಸಂಜೆ ಕೆಲಸ ಬಿಟ್ಟ ಮೇಲೆ ವಾಪಸ್ಸು ಬರಬೇಕು. 

ನನ್ನ ಕೆಲಸದ ಮುಖ್ಯ ಸಾಮಾನು ಬಾಟಲಿ. ಒಬ್ಬೊಬ್ಬರಿಗೆ ಎರಡೆರಡು, ಒಂದೊಂದು ಲೀಟರಿನದು, ಮೈಮೇಲೆ ಗೆರೆ ಎಳೆದದ್ದು, ನಂಬರು ಬರೆದದ್ದು. ಬೆಳಗ್ಗೆ ಕುದಿಸಿ ಆರಿಸಿದ ನೀರು ತುಂಬಿಸಿ ಕೊಡುವುದು, ಸಂಜೆ ಎಷ್ಟು ಉಳಿದಿದೆ ಅಂತ ಗೆರೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಅದರ ಜೊತೆ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅವರು ಶೀಶೆಯಲ್ಲಿ ಕೊಡುವ ಮೂತ್ರದ ಬಣ್ಣವನ್ನು ಒಂದು ಬಣ್ಣದ ಪಟ್ಟಿಗೆ ಹೋಲಿಸಿ ಅದನ್ನೂ, ಎಲ್ಲಿ ನೋವಿದೆ ಅನ್ನುವುದನ್ನೂ ಬರೆಯಬೇಕು. ಊರಿನ ಮಕ್ಕಳು ನನ್ನನ್ನು ‘ಬಾಟ್ಲಿ ಅಕ್ಕ’ ಎಂದೇ ಕರೆಯುತ್ತಿದ್ದವು.

ಗಂಡಸರ ಬಾಟಲಿಯಲ್ಲಿ ಒಂದು ದಿನ ಕಾಲು ಉಳಿದಿರುತ್ತಿತ್ತು, ಒಂದು ದಿನ ಅರ್ಧ. ಹೆಂಗಸರದ್ದು ಎರಡು ವರ್ಷವೂ ಖಾಲಿ. ನಮ್ಮ ಹೆಂಗಸರು ಹೇಳಿದ ಮಾತು ಕೇಳುವವರು ಅಂತ ನನಗೆ ಒಳಗೊಳಗೇ ಹೆಮ್ಮೆ. ‘ಜಾಣೆಯರು ಕಣ್ರೇ ನೀವು’ ಅಂತ ಅವರ ಮುಂದೆಯೇ ಹೇಳುತ್ತಿದ್ದೆ. ಆದರೆ ಬಣ್ಣ ಮಾತ್ರ ಹೆಂಗಸರದ್ದೇ ಗಾಢ, ಕಷಾಯದ ಹಾಗೆ. ಎರಡು ಲೀಟರ್ ಕುಡಿದೂ ಹೀಗೇಕೆ ಎಂಬುದು ಡಾಕ್ಟರುಗಳಿಗೆ ಬಿಡಿಸಲಾಗದ ಗಂಟಾಗಿತ್ತು. ನೀರಿಗೂ ಇದಕ್ಕೂ ಸಂಬಂಧವಿಲ್ಲವೇನೋ ಎಂದು ಹಾಲೆಂಡಿನವರು ಬರೆದಿದ್ದರು. ಎರಡನೇ ಹಂತದಲ್ಲಿ ಗದ್ದೆ ಬದಿಗೆ ನೆರಳು, ಕುಡಿಯುವ ನೀರು, ಮಧ್ಯೆ ಮಧ್ಯೆ ವಿರಾಮ, ಇಷ್ಟೂ ಏರ್ಪಾಡು ಮಾಡುವ ಮಾತಿತ್ತು. ನೀರು ಕಾರಣವಲ್ಲ ಅಂತಾದರೆ ಆ ಏರ್ಪಾಡೂ ಇಲ್ಲ. ನಮ್ಮ ಹಳ್ಳಿಯ ಹೆಂಗಸರನ್ನು ಪಟ್ಟಿಯಿಂದ ಬಿಟ್ಟು ಬೇರೆ ಕಡೆ ರಕ್ತಪರೀಕ್ಷೆಗೆ ಹೋಗುವುದು ಅವರ ಯೋಚನೆ. ಇದನ್ನು ತೀರ್ಮಾನಿಸುವ ಸಭೆ ಹಾಲೆಂಡಿನಲ್ಲಿ. ನನ್ನನ್ನು ಯಾಕೆ ಕರೆದರು ಅಂದರೆ, ಎರಡು ವರ್ಷದಲ್ಲಿ ಒಂದು ದಿನವೂ ಗೆರೆ ಎಳೆದ ಒಂದು ಮನೆಯನ್ನೂ ಬರೆಯದೆ ಖಾಲಿ ಬಿಡದ ಪುಸ್ತಕ ನನ್ನದೊಂದೇ ಆಗಿತ್ತಂತೆ. ನಮ್ಮ ಮೈಸೂರಿನ ಡಾಕ್ಟರು ಪ್ರಭಾಕರ್ ಹಾಗೆ ಹೇಳಿದಾಗ ನಾನು ಮನೆಗೆ ಬಂದು ಆ ಪುಸ್ತಕಗಳಿಗೆ ಹೊಸ ಕಾಗದದ ರಟ್ಟು ಹಾಕಿದೆ.

ಹೊರಡುವ ಹಿಂದಿನ ದಿನ ಹಳ್ಳಿಗೆ ಹೋದಾಗ ನಾಟಿ ಗುಂಪಿನ ಹಿರಿಯಳು ಚಿಕ್ಕತಾಯಮ್ಮ ಒಂದು ಚೀಲ ಹೀರೇಕಾಯಿ ತಂದು ಮುಂದಿಟ್ಟರು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಹೀಗೆ ಕೊಡುತ್ತಿದ್ದರು, ಎಳೆಯ, ನೀರು ತುಂಬಿದ ಕಾಯಿ.

‘ಅಕ್ಕೋರೆ, ಅಲ್ಲಿ ಮುದ್ದೆ ಸಿಕ್ಕಾಕಿಲ್ವಂತೆ. ಇದ ತಕಂಡೋಗಿ, ದೊರೆಗೋಳ್ಗೆ ಚಟ್ನಿ ಅರ್ದಾಕಿ.’

‘ಇಮಾನ್ದಲ್ಲಿ ಈರೇಕಾಯಿ ಬುಡ್ತಾರಾ ಅತ್ತೆ? ಇಳ್ಸಿಬುಡ್ತಾರೆ ಅಕ್ಕೋರ್ನ’ ಅಂದಳು ಅವರ ಸೊಸೆ ರಾಜಮ್ಮ.

‘ಇಳ್ಸುದ್ರೆ ಇಳೀಲಿ ಬುಡು, ಬೇಗ ಮನೆಗ್ ಬತ್ತಾರೆ!’

ಎಲ್ಲರೂ ನಕ್ಕರು. ಕಾಯಿ ನಮ್ಮ ಮನೆಯಲ್ಲೇ ಉಳಿಯಿತು.

ವಿಮಾನದಲ್ಲಿ

ನನ್ನ ಸೀಟು ನಡುವಿನದು. ಒಂದು ಕಡೆ ನಿದ್ದೆ ಹೋದ ದಪ್ಪ ಗೃಹಸ್ಥರು, ಇನ್ನೊಂದು ಕಡೆ ನಿದ್ದೆ ಹೋದ ಪ್ರಭಾಕರ್ ಡಾಕ್ಟರು. ಗಗನಸಖಿ ಬಂದಾಗಲೆಲ್ಲ ಹಣ್ಣಿನ ರಸ, ನೀರು, ಚಹಾ ಅಂತ ಕೇಳುತ್ತಿದ್ದಳು. ನಾನು ತಲೆಯಾಡಿಸಿ ಬೇಡ ಅನ್ನುತ್ತಿದ್ದೆ. ಕುಡಿದರೆ ಏಳಬೇಕು, ಏಳಬೇಕಾದರೆ ಇವರಲ್ಲಿ ಒಬ್ಬರನ್ನು ಎಬ್ಬಿಸಬೇಕು, ಎಬ್ಬಿಸಿದರೆ ಎಲ್ಲಿಗೆ ಅಂತ ಗೊತ್ತಾಗುತ್ತದೆ. ಒಂಬತ್ತು ಗಂಟೆ ಹಾಗೇ ಕೂತಿದ್ದೆ. ಇಳಿದಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ವಿಮಾನ ಅಂದರೆ ಹೀಗೇ ಇರಬೇಕು ಅಂದುಕೊಂಡೆನೇ ಹೊರತು ಮುಂದಕ್ಕೆ ಯೋಚನೆ ಹರಿಯಲಿಲ್ಲ.

ಆಮ್‌ಸ್ಟರ್‌ಡ್ಯಾಮಿನಲ್ಲಿ ನನ್ನ ಪೆಟ್ಟಿಗೆ ತೆಗೆಸಿದರು. ಊರಿನಿಂದ ತಂದ ಕೆಂಪು ಹಲ್ಲುಪುಡಿಯ ಪೊಟ್ಟಣ ಒಡೆದು ಸೀರೆ, ಸ್ವೆಟರು, ಎರಡು ವರ್ಷದ ಪುಸ್ತಕ ಎಲ್ಲವೂ ಗುಲಾಬಿ ಬಣ್ಣ. ಕಸ್ಟಮ್ಸಿನ ಆಸಾಮಿ ಬೆರಳಿನಲ್ಲಿ ಮುಟ್ಟಿ, ಮೂಸಿ, ನನ್ನ ಮುಖ ನೋಡಿದ. ನನಗೆ ಇಂಗ್ಲಿಷ್ ಸಮಯಕ್ಕೆ ಒದಗಲಿಲ್ಲ. ಒಂದು ಚಿಟಿಕೆ ತೆಗೆದು ಅಲ್ಲೇ ಹಲ್ಲು ಉಜ್ಜಿ ತೋರಿಸಿದೆ. ಅವನು ಎಷ್ಟು ನಕ್ಕನೆಂದರೆ ಪಕ್ಕದ ಸಾಲಿನವನನ್ನೂ ಕರೆದು ಇನ್ನೊಮ್ಮೆ ತೋರಿಸಲು ಹೇಳಿದ. ಪ್ರಭಾಕರ್ ಡಾಕ್ಟರು ಸ್ವಲ್ಪ ದೂರದಲ್ಲಿ ನಿಂತು ನನ್ನ ಗುರುತೇ ಇಲ್ಲದವರ ಹಾಗೆ ಗಡಿಯಾರ ನೋಡುತ್ತಿದ್ದರು.

ಮರೈಕೆಯ ಮನೆ

ಡಾಕ್ಟರನ್ನು ಹೋಟೆಲಿನಲ್ಲಿ ಇಳಿಸಿದರು. ನನ್ನನ್ನು ಮರೈಕೆ ಎಂಬುವರು ತಮ್ಮ ಮನೆಗೆ ಕರೆದುಕೊಂಡು ಹೋದರು. ಐವತ್ತರ ಹತ್ತಿರದ ಹೆಂಗಸು, ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ನೋಡುವವರು. ನಾನು ಬರೆದು ಕಳಿಸಿದ ಅಂಕಿಗಳನ್ನೆಲ್ಲ ಎರಡು ವರ್ಷದಿಂದ ಕಂಪ್ಯೂಟರಿಗೆ ಹಾಕುತ್ತಿದ್ದವರು ಅವರೇ. ‘ನಿಮ್ಮ ಏಳು ನನಗೆ ಚೆನ್ನಾಗಿ ಗೊತ್ತು, ತಲೆಯ ಮೇಲೆ ಚಿಕ್ಕ ಟೋಪಿ ಇರುತ್ತದೆ’ ಅಂದರು. ಮುಖ ನೋಡದ ಒಬ್ಬರು ನನ್ನ ಏಳನ್ನು ಗುರುತು ಹಿಡಿಯುತ್ತಾರೆ ಅಂತ ನನಗೆ ಎಂದೂ ಹೊಳೆದಿರಲಿಲ್ಲ. ನನ್ನ ಹೆಸರು ನಾಗರತ್ನ. ಅವರ ಬಾಯಲ್ಲಿ ‘ಗ’ ಅಕ್ಷರ ಗಂಟಲು ಕೆರೆದುಕೊಂಡು ಬರುತ್ತಿತ್ತು. ಪಾಪ, ನೆಗಡಿಯೇನೋ ಅಂದುಕೊಂಡೆ. ಆಮೇಲೆ ನೋಡಿದರೆ ಇಡೀ ದೇಶಕ್ಕೇ ಹಾಗೆ.

ಆ ಜನರ ಮನೆಯ ದೊಡ್ಡ ಕಿಟಕಿಗೆ ಪರದೆ ಎಳೆಯುವ ರೂಢಿಯಿಲ್ಲ. ಬೀದಿಯಲ್ಲಿ ಹೋಗುವವರಿಗೆ ಊಟದ ಮೇಜು, ಟಿವಿ, ಬೆಕ್ಕು ಎಲ್ಲ ಕಾಣುತ್ತದೆ. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಾಕಲೇಟಿನ ಚೂರು ಉದುರಿಸಿ ದೊಡ್ಡವರೇ ತಿನ್ನುತ್ತಾರೆ. ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿಬಿಡುತ್ತಾರೆ. ಮೊದಲ ದಿನ ನನಗೆ ಬೇಸರವಾಯಿತು. ನಮ್ಮ ಕಡೆ ಮೂರು ಸಲ ಬೇಡ ಅಂದ ಮೇಲೂ ತಟ್ಟೆಗೆ ಬೀಳುತ್ತದಲ್ಲ. ಇಲ್ಲಿ ಬೇಡ ಅಂದರೆ ಬೇಡ. ನಾನು ಮರ್ಯಾದೆಗೆ ಒಂದು ಸಲ ಬೇಡ ಅಂದು ಎರಡು ದಿನ ಅರೆಹೊಟ್ಟೆಯಲ್ಲಿದ್ದೆ. ಮೂರನೇ ದಿನ ‘ಯೆಸ್’ ಅನ್ನಲು ಕಲಿತೆ. ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕೊಟ್ಟಾಗ ಮಾತ್ರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಉಪ್ಪಿಲ್ಲ, ಕರಿಬೇವಿಲ್ಲ, ಆದರೂ ಮಜ್ಜಿಗೆ ಮಜ್ಜಿಗೆಯೇ.

ಇನ್ನೊಂದು ವಿಶೇಷ. ಅವರ ಶೌಚಾಲಯದ ಗೋಡೆಯಲ್ಲಿ ಒಂದು ಕ್ಯಾಲೆಂಡರು ನೇತುಹಾಕಿರುತ್ತಾರೆ. ನೆಂಟರಿಷ್ಟರ ಹುಟ್ಟಿದ ದಿನಗಳನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ದಿನಾ ಹೋಗುವ ಜಾಗವಾದ್ದರಿಂದ ಮರೆಯುವುದಿಲ್ಲವಂತೆ. ನಮ್ಮಲ್ಲಿ ಆ ಜಾಗದ ಹೆಸರನ್ನೇ ಬಾಯಿಬಿಟ್ಟು ಹೇಳುವುದಿಲ್ಲ, ಇವರು ಸೋದರತ್ತೆಯ ಹೆಸರು ಅಲ್ಲಿ ಬರೆದಿಟ್ಟಿದ್ದಾರಲ್ಲ ಅಂತ ಒಬ್ಬಳೇ ನಕ್ಕೆ. 

ಎಲೆಕೋಸಿನ ಹೊಲ

ಸಭೆಗೆ ಎರಡು ದಿನ ಮುಂಚೆ ನಮ್ಮನ್ನು ಹೊಲ ತೋರಿಸಲು ಕರೆದೊಯ್ದರು. ಕರೆದುಕೊಂಡು ಹೋದವರು ಹೆಂಕ್, ಈ ಸಂಶೋಧನೆಯ ಮುಖ್ಯಸ್ಥರು. ಆರೂವರೆ ಅಡಿ ಎತ್ತರ, ಮಾತಾಡುವಾಗ ನನಗೋಸ್ಕರ ಬಗ್ಗಿ ಬಗ್ಗಿ ಅವರ ಕತ್ತು ನೋಯುತ್ತಿತ್ತೇನೋ. ಅಲ್ಲಿ ಯಾರೂ ಯಾರನ್ನೂ ಸಾರ್ ಅನ್ನುವುದಿಲ್ಲ. ನನ್ನ ಕೈಲಾಗದೆ ‘ಹೆಂಕ್ ಸಾರ್’ ಅನ್ನುತ್ತಿದ್ದೆ, ಪ್ರತಿ ಸಲವೂ ಅವರು ಹಿಂದೆ ತಿರುಗಿ ನೋಡುತ್ತಿದ್ದರು. ಜೊತೆಗೆ ಪ್ರಭಾಕರ್ ಡಾಕ್ಟರು, ಇನ್ನಿಬ್ಬರು ವಿದ್ಯಾರ್ಥಿಗಳು. ಮರೈಕೆಗೆ ಪಾಠವಿದ್ದ ಕಾರಣ ಬರಲಿಲ್ಲ.

ಭೂಮಿ ರೊಟ್ಟಿ ತಟ್ಟಿದ ಹಾಗೆ ಸಮ. ಕಾಲುವೆ ಮೇಲೆ, ಹೊಲ ಕೆಳಗೆ, ಈ ಒಂದು ವಿಷಯದಲ್ಲಿ ನಮ್ಮ ನರಸೀಪುರದ ಕಡೆಯೇ. ಆದರೆ ನಮ್ಮಲ್ಲಿ ಕಾಲುವೆಗೆ ನೀರು ಬಿಡಿ ಅಂತ ಜನ ರಸ್ತೆಯಲ್ಲಿ ಕೂರುತ್ತಾರೆ, ಇವರು ಬಂದ ನೀರನ್ನು ಹೊರಗೆ ಹಾಕಲು ಹಗಲೂ ರಾತ್ರಿ ಯಂತ್ರ ಓಡಿಸುತ್ತಾರೆ. ಕಣ್ಣು ಹೋದಷ್ಟು ದೂರ ಎಲೆಕೋಸು. ಪೋಲೆಂಡಿನಿಂದ ಹಂಗಾಮಿಗೆ ಬಂದ ಎಂಟು ಆಳುಗಳು ಸಾಲಾಗಿ ಬಗ್ಗಿ ಕೋಸು ಕೊಯ್ಯುತ್ತಿದ್ದರು. ಎಲ್ಲರೂ ಗಂಡಸರು. ಬೆನ್ನು ಬಗ್ಗಿದ ರೀತಿ ನೋಡಿ ನನಗೆ ಚಿಕ್ಕತಾಯಮ್ಮನ ಗುಂಪು ಕಣ್ಣಿಗೆ ಕಟ್ಟಿತು. ಬೆನ್ನು ಬಗ್ಗಿದ ಮೇಲೆ ದೇಶ ಯಾವುದಾದರೇನು, ಎದ್ದು ನಿಲ್ಲುವಾಗ ಎಲ್ಲರ ಕೈಯೂ ಸೊಂಟಕ್ಕೇ ಹೋಗುತ್ತದೆ.

ಆ ದಿನ ಅವರ ಪಾಲಿಗೆ ಭಾರಿ ಬಿಸಿಲು. ಹೆಂಕ್ ನಮಗೆಲ್ಲ ಒಂದೊಂದು ದೊಡ್ಡ ನೀರಿನ ಬಾಟಲಿ ಕೊಟ್ಟರು. ಬಿಸಿಲು ಮತ್ತು ನೀರಿನ ಮೇಲೇ ಜೀವಮಾನ ಕಳೆದವರು ಸುಮ್ಮನಿರುತ್ತಾರೆಯೇ? ಅರ್ಧ ಗಂಟೆಗೊಮ್ಮೆ ‘ನಾಗರತ್ನ, ಕುಡಿಯಿರಿ!’ ಅನ್ನುತ್ತಿದ್ದರು. ನಾನು ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಇಳಿಸುತ್ತಿದ್ದೆ.

ಕಾರಣ ಇಷ್ಟೇ. ಬೆಳಗ್ಗೆ ಮರೈಕೆ ಎರಡು ದೊಡ್ಡ ಲೋಟ ಚಹಾ ಕೊಟ್ಟಿದ್ದರು, ನಾನು ಹೊಸದಾಗಿ ಕಲಿತ ‘ಯೆಸ್’ ಅಂದಿದ್ದೆ. ಹೊಲಕ್ಕೆ ಬಂದು ಒಂದು ಗಂಟೆಯಾಗುವಷ್ಟರಲ್ಲಿ ಹೊಟ್ಟೆ ಕೆಳಗೆ ಕಲ್ಲಿಟ್ಟ ಹಾಗಾಯಿತು. ಸುತ್ತ ನೋಡಿದೆ. ಒಂದು ಗಿಡವಿಲ್ಲ, ಒಂದು ಗುಡಿಸಲೂ ಇಲ್ಲ, ಮೊಣಕಾಲೆತ್ತರದ ಕೋಸು ಬಿಟ್ಟರೆ ಆಕಾಶ. ರೈತನ ಮನೆ ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಗಂಡಸರು ಬೇಕಾದಾಗ ಟ್ರ್ಯಾಕ್ಟರಿನ ಆ ಮಗ್ಗುಲಿಗೆ ಹೋಗಿ ಬರುತ್ತಿದ್ದರು. ಹೆಂಕ್ ಕೂಡ ಹೋಗಿಬಂದರು. ಒಂದು ಮಾತು ಹೇಳಿದ್ದರೆ ಅವರು ಆ ಕ್ಷಣವೇ ಕಾರು ತಿರುಗಿಸುತ್ತಿದ್ದರು, ಅಷ್ಟು ಒಳ್ಳೆಯವರು. ಆದರೆ ಇಷ್ಟು ಜನ ಗಂಡಸರ ನಡುವೆ ಆ ಒಂದು ಮಾತು ಹೇಳುವುದು ಹೇಗೆ? ನಾಲ್ಕು ಗಂಟೆ ಕಾಲ ಹಲ್ಲು ಕಚ್ಚಿಕೊಂಡು ಕೋಸಿನ ರೋಗ, ಕೋಸಿನ ಗೊಬ್ಬರ ಎಲ್ಲ ಕೇಳಿಸಿಕೊಂಡೆ.

ಹೊರಡುವಾಗ ಹೆಂಕ್ ಬಾಟಲಿಗಳನ್ನು ವಾಪಸ್ಸು ಪಡೆಯುತ್ತಾ ಬಂದರು. ನನ್ನದು ಕತ್ತಿನವರೆಗೂ ತುಂಬಿತ್ತು. ಅಷ್ಟು ಕಾಳಜಿಯಿಂದ ಕೊಟ್ಟದ್ದನ್ನು ಹಾಗೇ ವಾಪಸ್ಸು ಕೊಟ್ಟರೆ ಏನಂದುಕೊಂಡಾರು? ಕಾರಿನ ಹಿಂದಕ್ಕೆ ಸರಿದು, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಒಂದು ಕೋಸಿನ ಬುಡಕ್ಕೆ ಬಾಟಲಿ ಬಗ್ಗಿಸಿದೆ. ಗುಳು ಗುಳು ಅಂತ ಅಷ್ಟೂ ಹೋಯಿತು. ಖಾಲಿ ಬಾಟಲಿ ತಂದು ಕೈಗೆ ಕೊಟ್ಟೆ.

ಹೆಂಕ್ ಮುಖ ಅರಳಿತು. ಉಳಿದವರಿಗೆ ಬಾಟಲಿ ಎತ್ತಿ ತೋರಿಸಿ, ‘ನೋಡಿ, ಪೂರ್ತಿ ಕುಡಿದವರು ಇವರೊಬ್ಬರೇ! ಜಾಣೆ!’ ಅಂದರು.

ನಾನು ನಕ್ಕೆ. ನಗುತ್ತಿದ್ದ ಹಾಗೇ ನಮ್ಮ ಹಳ್ಳಿಯ ಸಂಜೆ ಕಣ್ಣ ಮುಂದೆ ಬಂತು. ಕಾಲುವೆ ಏರಿಯ ಮೇಲೆ ಸಾಲಾಗಿ ನಿಂತು ಖಾಲಿ ಬಾಟಲಿ ಕೊಡುತ್ತಿದ್ದ ಹೆಂಗಸರು, ಅವರ ಮುಂದೆ ಪುಸ್ತಕ ಹಿಡಿದುಕೊಂಡು ‘ಜಾಣೆಯರು ಕಣ್ರೇ’ ಅನ್ನುತ್ತಿದ್ದ ನಾನು. ಅವರೂ ಹೀಗೇ ನಗುತ್ತಿದ್ದರಲ್ಲ?

ಅಂಗಡಿಯ ಫೋನು

ಮನೆಗೆ ಬಂದವಳೇ ಒಳಗೆ ಓಡಿದೆ. ಉರಿ ತಡೆಯಲಾಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಅಷ್ಟೂ ಜನರ ಹುಟ್ಟುಹಬ್ಬವನ್ನು ಎರಡೆರಡು ಸಲ ಓದಿದೆ, ಒಂದೂ ತಲೆಗೆ ಹೋಗಲಿಲ್ಲ. ನಾನು ಹೆಂಗಸಲ್ಲವೇ, ಎರಡು ವರ್ಷ ನನಗೇಕೆ ಇದು ಹೊಳೆಯಲಿಲ್ಲ? ಉತ್ತರವೂ ಅಲ್ಲೇ ಸಿಕ್ಕಿತು. ಮಧ್ಯಾಹ್ನವಾದರೆ ನಾನು ಊರೊಳಗಿನ ಮೇಷ್ಟ್ರ ಮನೆಗೆ ಹೋಗಿ ಬರುತ್ತಿದ್ದೆ. ನೀರು ತುಂಬಿದ ಬಯಲು ಗದ್ದೆಯಲ್ಲಿ, ಮರ ಹೊಡೆದು ಕೆಸರು ಸಮ ಮಾಡುವ ಗಂಡಾಳುಗಳ ಎದುರಿಗೆ, ಬೆಳಗಿನಿಂದ ಕತ್ತಲಾಗುವವರೆಗೆ ನಿಂತವರು ಅವರು.

ಹೊರಗೆ ಬಂದು, ಪಾಠ ಮುಗಿಸಿ ಬಂದಿದ್ದ ಮರೈಕೆಯಿಂದ ಪ್ರಭಾಕರ್ ಡಾಕ್ಟರಿಗೆ ಫೋನು ಮಾಡಿಸಿ ಕರೆಸಿದೆ. ಎಲ್ಲ ಹೇಳಿದೆ. ಅವರು ಒಪ್ಪಲಿಲ್ಲ.

‘ನಾಗರತ್ನಮ್ಮ, ಇದು ನಿಮ್ಮ ಊಹೆ. ಊಹೆ ಮೇಲೆ ಎರಡು ವರ್ಷದ ಕೆಲಸ ಅಳಿಸೋಕಾಗುತ್ತಾ? ನಾಡಿದ್ದು ಸಭೆ. ನಿಮ್ಮ ಪುಸ್ತಕ ನಂಬಿಕೊಂಡು ನಾನು ಅರ್ಧ ಲೇಖನ ಬರೆದಿದ್ದೀನಿ.’

‘ಹಾಗಾದರೆ ಅವರನ್ನೇ ಕೇಳೋಣ ಸಾರ್.’

ಹಳ್ಳಿಯಲ್ಲಿ ಫೋನು ಇದ್ದದ್ದು ಬಸಪ್ಪನ ಅಂಗಡಿಯಲ್ಲಿ. ಅಲ್ಲಿ ಆಗ ಸಂಜೆ ದೀಪ ಹಚ್ಚುವ ಹೊತ್ತು, ಗದ್ದೆಯಿಂದ ಬಂದಿರುತ್ತಾರೆ. ಮರೈಕೆಯ ಅಡುಗೆಮನೆಯ ಫೋನಿನಿಂದ ಹಚ್ಚಿದೆವು. ಬಸಪ್ಪ ಚಿಕ್ಕತಾಯಮ್ಮನನ್ನು ಕೂಗಿ ಕರೆಸುವಷ್ಟರಲ್ಲಿ ಅಂಗಡಿಯ ಮುಂದೆ ಜನ ಸೇರಿದ ಸದ್ದು ನನಗೆ ಹಾಲೆಂಡಿನವರೆಗೆ ಕೇಳುತ್ತಿತ್ತು. 

‘ಅಕ್ಕೋರೆ! ಏನಾಯ್ತು? ಇಮಾನ ಬಿದ್ದೋಯ್ತಾ?’

‘ಇಲ್ಲ ಚಿಕ್ಕತಾಯಮ್ಮ, ಚೆನ್ನಾಗಿದ್ದೀನಿ. ಒಂದು ಮಾತು ಕೇಳಬೇಕು, ನಿಜ ಹೇಳಬೇಕು. ನಾನು ಕೊಡ್ತಿದ್ದ ಬಾಟಲಿ ನೀರು ಏನು ಮಾಡ್ತಿದ್ರಿ?’

‘ಕುಡೀತಿದ್ವಿ. ಇನ್ನೇನ್ ಮಾಡ್ತಾರೆ ನೀರ್ನ?’

‘ಚಿಕ್ಕತಾಯಮ್ಮ, ಇವತ್ತು ಇಲ್ಲೊಬ್ಬರು ನಂಗೂ ಹಾಗೇ ಬಾಟಲಿ ಕೊಟ್ಟಿದ್ರು. ಬಯಲು ಹೊಲ, ಸುತ್ತಾ ಗಂಡಸರು. ಹೋಗೋಕೆ ಜಾಗ ಇಲ್ಲ. ನಾನು ಕುಡೀಲಿಲ್ಲ. ಕೋಸಿನ ಬುಡಕ್ಕೆ ಸುರಿದು ಖಾಲಿ ಬಾಟಲಿ ಕೊಟ್ಟೆ.’

ಆ ಕಡೆಯಿಂದ ಒಂದು ನಗು ಶುರುವಾಯಿತು. ಕೆಮ್ಮಿನ ಹಾಗೆ ಶುರುವಾಗಿ ನಿಲ್ಲದೇ ಹೋಯಿತು.

‘ಅಯ್ ನನ್ನವ್ವ! ನೀನೂವಾ? ಲೇ ರಾಜಿ, ಬಾರೇ ಇಲ್ಲಿ, ಅಕ್ಕೋರೂ ನೀರ್ ಚೆಲ್ಲಿ ಬಂದವ್ರಂತೆ!’ ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, ತಮ್ಮ ಲೆಕ್ಕಕ್ಕೆ ಮೆಲ್ಲಗೆ, ‘ಏನ್ ಮಾಡವ ಕಣಕ್ಕ. ಬೆಳಕಾಗಕ್ ಮುಂಚೆ ಒಂದ್ಸಲ, ಕತ್ಲಾದ್ಮೇಲೆ ಒಂದ್ಸಲ. ನಡೂಕೆ ಕುಡುದ್ರೆ ಎಲ್ಲಿಗ್ ಓಗಾನ? ನೀನ್ ಪಾಪ ಬಸ್ಸಲ್ ಬಂದು, ಕಾಸಿ ಆರ್ಸಿ, ನಂಬ್ರು ಬರ್ದು ಕೊಟ್ಟೀಯೆ. ಅಂಗೇ ವಾಪಸ್ ಕೊಟ್ರೆ ನಿನ್ ಮನ್ಸು ನೊಂದ್ಕಳಾಕಿಲ್ವಾ? ಅದ್ಕೇ ಮೋಟ್ರು ಮನೆ ತಾವ ಉಯ್ದ್ಬುಡ್ತಿದ್ವಿ.’

‘ಎರಡು ವರ್ಷಾನೂ?’

‘ಸುಮ್ನೆ ಚೆಲ್ಲಿಲ್ಲ ಬುಡು. ಅಲ್ಲಿ ಈರೆ ಬಳ್ಳಿ ಆಕಿದ್ವಿ. ನೀನ್ ತಿಂದ್ಯಲ್ಲ ಈರೇಕಾಯಿ, ಎಲ್ಲ ನಿನ್ ನೀರ್ನಾಗೇ ಬೆಳ್ದಿದ್ದು.’

ಅಷ್ಟು ದಿನ ನೀವು, ಅಕ್ಕೋರೆ ಅನ್ನುತ್ತಿದ್ದವರು ಈಗ ನೀನು ಅನ್ನುತ್ತಿದ್ದರು. ನಾನು ರಿಸೀವರ್ ಇಟ್ಟು ಡಾಕ್ಟರ ಮುಖ ನೋಡಿದೆ. ಅವರಿಗೆ ಎಲ್ಲವೂ ಕೇಳಿಸಿತ್ತು. ಚಿಕ್ಕತಾಯಮ್ಮನ ಗಂಟಲು ಅಂಥದು.

‘ಹೀರೇಕಾಯಿ ನಮ್ಮ ಮನೆಗೂ ಒಂದು ಸಲ ಕೊಟ್ಟಿದ್ರಿ ಅಲ್ವಾ?’ ಅಂದರು ಅವರು. ನಗಲೂ ಇಲ್ಲ, ಬಯ್ಯಲೂ ಇಲ್ಲ. ಕೋಟು ಹಾಕಿಕೊಂಡು ಹೋಟೆಲಿಗೆ ನಡೆದೇ ಹೋದರು.

ಸಭೆ

ಸಭೆಯಲ್ಲಿ ಹನ್ನೆರಡು ಜನ. ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ನನ್ನ ಎರಡು ವರ್ಷ ಒಂದು ಚಿತ್ರವಾಗಿ ಬಿದ್ದಿತ್ತು. ಕುಡಿದ ನೀರಿನ ಲೆಕ್ಕದಲ್ಲಿ ಗಂಡಸರ ಗೆರೆ ಏರುತ್ತಾ ಇಳಿಯುತ್ತಾ ಹೋಗುತ್ತಿತ್ತು. ಹೆಂಗಸರ ಗೆರೆ ಮೇಲ್ಗಡೆ ದಾರ ಎಳೆದ ಹಾಗೆ ನೇರ. ಚೆಲ್ಲಿದ ನೀರಿನ ವಿಷಯ ಇನ್ನೂ ಗೊತ್ತಿಲ್ಲದ ಹೆಂಕ್ ಅದನ್ನು ತೋರಿಸಿ, ನೀರು ಕಾರಣವಲ್ಲ ಎಂದು ಇದರಿಂದ ತಿಳಿಯುತ್ತದೆ ಅಂತ ಶುರುಮಾಡಿದರು. ಕೊನೆಗೆ ಕೈ ಎತ್ತೋಣ ಅಂದುಕೊಂಡಿದ್ದೆ. ತಡೆಯಲಾಗದೆ ಆಗಲೇ ಎತ್ತಿಬಿಟ್ಟೆ.

ನಾನು ಕನ್ನಡದಲ್ಲೇ ಹೇಳಿದೆ, ಪ್ರಭಾಕರ್ ಡಾಕ್ಟರು ಇಂಗ್ಲಿಷಿಗೆ ತಿರುಗಿಸಿದರು. ಬಾಟಲಿಯ ಮನೆಯಲ್ಲಿ ನಾನು ಬರೆದದ್ದು ಹೆಂಗಸರ ಮಟ್ಟಿಗೆ ಒಂದೂ ನಿಜವಲ್ಲ ಅಂದೆ. ಯಾಕೆ ಅಂತ ಹೇಳಿದೆ. ಎಲೆಕೋಸಿನ ಹೊಲದ ಮಾತು ಬಂದಾಗ ಡಾಕ್ಟರು ನಿಲ್ಲಿಸಿ ನನ್ನ ಕಡೆ ತಿರುಗಿ, ‘ಇದನ್ನೂ ಹೇಳಲಾ?’ ಅಂತ ಕನ್ನಡದಲ್ಲಿ ಕೇಳಿದರು.

‘ಹೇಳಿ ಸಾರ್. ಇಲ್ಲದಿದ್ದರೆ ಅವರಿಗೆ ಅರ್ಥವಾಗಲ್ಲ.’

ಹೇಳಿದರು. ಹೆಂಕ್ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತಾ ಹೋದದ್ದನ್ನು ನಾನು ನೋಡಿದೆ. ಬಿಳಿಯರ ಮುಖದಲ್ಲಿ ಮರೆಮಾಚುವ ಹಾಗಿಲ್ಲ, ಪಾಪ. ‘ನಾನು ಆ ದಿನ ಟ್ರ್ಯಾಕ್ಟರಿನ ಹಿಂದೆ ಎರಡು ಸಲ ಹೋಗಿದ್ದೆ’ ಅಂದರು. ‘ನಿಮ್ಮನ್ನು ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ.’

ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಪ್ರೊಫೆಸರು, ಒಂದು ಕಾಲಮ್ಮು ಸುಳ್ಳಾದರೆ ಉಳಿದ ಪುಸ್ತಕವನ್ನು ಯಾಕೆ ನಂಬಬೇಕು ಅಂದರು. ನ್ಯಾಯವಾದ ಪ್ರಶ್ನೆ. ಆಗ ಮರೈಕೆ ನನ್ನ ಗುಲಾಬಿ ಬಣ್ಣ ಮೆತ್ತಿದ ಪುಸ್ತಕವನ್ನೇ ತೆಗೆದು ನನ್ನ ಮುಂದಿಟ್ಟರು. ‘ಯಾವುದನ್ನು ನಂಬಬಹುದು, ನೀವೇ ತೋರಿಸಿ’ ಅಂದರು.

ನಾನು ಒಂದೊಂದೇ ಮನೆಯ ಮೇಲೆ ಬೆರಳಿಟ್ಟೆ. ಬಣ್ಣದ್ದು ನಂಬಬಹುದು, ನಾನೇ ಕಣ್ಣಾರೆ ನೋಡಿ ಬರೆದದ್ದು. ನೋವಿನದು ನಂಬಬಹುದು, ಅದನ್ನು ಮುಚ್ಚಿಟ್ಟು ಅವರಿಗೆ ನನ್ನನ್ನು ಸಂತೋಷಪಡಿಸುವುದು ಏನೂ ಇರಲಿಲ್ಲ. ಗಂಡಸರ ಬಾಟಲಿ ನಂಬಬಹುದು, ಉಳಿದರೆ ಉಳಿಯಿತು ಅಂತ ಕೊಟ್ಟವರು ಅವರು. ಹೆಂಗಸರ ಬಾಟಲಿಯದು, ಇದೊಂದು ಬೇಡ. ಮರೈಕೆ ಪೆನ್ನು ಕೊಟ್ಟರು. ಮೊದಲ ಪುಟದಲ್ಲಿ ನಾನೇ ಆ ಕಾಲಮ್ಮಿನ ಮೇಲೆ ಉದ್ದಕ್ಕೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು. ಎರಡು ವರ್ಷ ಒಂದು ಅಂಕಿಯನ್ನೂ ತಿದ್ದದ ಪುಸ್ತಕ.

ಹೆಂಗಸರು ಪಟ್ಟಿಯಲ್ಲಿ ಉಳಿದರು. ಆದರೆ ಬಾಟಲಿ ಲೆಕ್ಕ ಮತ್ತೆ ಮೊದಲಿಂದ ಆಗಬೇಕು, ಅದಕ್ಕೆ ಇನ್ನೊಂದು ವರ್ಷ. ನೆರಳು, ನೀರಿನ ಜೊತೆಗೆ ಇನ್ನೊಂದು ಸೇರಿತು: ಗದ್ದೆಯಿಂದ ಗದ್ದೆಗೆ ಎತ್ತಿಕೊಂಡು ಹೋಗುವಂಥ ಒಂದು ಮರೆ. ಅದು ಹೇಗಿರಬೇಕು ಎಂದು ಹನ್ನೆರಡು ಜನ ವಿದ್ವಾಂಸರು ಸಂಜೆಯವರೆಗೂ ಚಿತ್ರ ಬರೆದರು. ಡಾಕ್ಟರ ಲೇಖನ ನಿಂತುಹೋಯಿತು. ವಾಪಸ್ಸು ಬರುವಾಗ ವಿಮಾನದಲ್ಲಿ ಅವರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಆದರೆ ಹತ್ತುವಾಗಲೇ, ‘ನೀವು ಓಣಿ ಪಕ್ಕದ ಸೀಟಿಗೆ ಬನ್ನಿ’ ಅಂತ ತಮ್ಮ ಸೀಟು ಬಿಟ್ಟುಕೊಟ್ಟರು. ಈ ಸಲ ಹಣ್ಣಿನ ರಸ ಎರಡು ಲೋಟ ಕುಡಿದೆ.

ಕಾಲುವೆ ಏರಿಯ ಮೇಲೆ

ಬೇಸಿಗೆ ಬೆಳೆಯ ನಾಟಿ ಶುರುವಾಗುವ ಹೊತ್ತಿಗೆ ಮರೆ ಬಂತು. ಹಾಲೆಂಡಿನ ಚಿತ್ರದ ಪ್ರಕಾರ ಮಾಡಿದ ಮೊದಲನೆಯದು ಕೆಸರಿನಲ್ಲಿ ಅರ್ಧ ದಿನಕ್ಕೆ ಮಗುಚಿಕೊಂಡಿತು. ನೋಡಿ ನಕ್ಕು ಸಾಕಾದ ಮೇಲೆ ಚಿಕ್ಕತಾಯಮ್ಮ ನಾಲ್ಕು ಬಿದಿರು ಗಳ, ಲಾರಿಯ ಹಳೆಯ ಟಾರ್ಪಾಲು ತರಿಸಿ ಕಾಲುವೆ ಏರಿಯ ಆ ಮಗ್ಗುಲಲ್ಲಿ ನಿಲ್ಲಿಸಿದರು. ಅದಕ್ಕೆ ಬಾಗಿಲು ಎಲ್ಲಿರಬೇಕು, ಯಾವ ಕಡೆಗೆ ಮುಖ ಮಾಡಬೇಕು ಅಂತ ಹೇಳಿದವಳು ರಾಜಮ್ಮ. ಜಮೀನಿನವರಲ್ಲಿ ಒಬ್ಬರು, ‘ಇದೇನು ನಮ್ಮ ಏರಿ ಮೇಲೆ ಡೇರೆ’ ಅಂತ ತಗಾದೆ ತೆಗೆದರು. ‘ನಿಮ್ಮೆಂಡ್ರುನೂ ಒಂದಿನ ನಾಟಿಗ್ ಕಳ್ಸಿ ಗೌಡ್ರೆ, ಆಮೇಕೆ ಕಿತ್ತಾಕ್ತೀವಿ’ ಅಂದರು ಚಿಕ್ಕತಾಯಮ್ಮ. ಡೇರೆ ಉಳಿಯಿತು.

ಮೊದಲ ದಿನ ಸಂಜೆ ನಾನು ಹೊಸ ಪುಸ್ತಕ ಹಿಡಿದು ಏರಿಯ ಮೇಲೆ ಕೂತೆ. ಹೆಂಗಸರು ಸಾಲಾಗಿ ಬಂದರು. ಬೆಳಗ್ಗೆಯೇ ಹೇಳಿದ್ದೆ, ಎಷ್ಟು ಉಳಿದರೂ ಹಾಗೇ ಕೊಡಿ, ನನಗೆ ಬೇಜಾರಿಲ್ಲ ಅಂತ. ಆದರೂ ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದೆ.

ಚಿಕ್ಕತಾಯಮ್ಮ ಮೊದಲು ಬಂದರು. ಒಂದು ಬಾಟಲಿ ಖಾಲಿ. ಇನ್ನೊಂದನ್ನು ಸೆರಗಿನಲ್ಲಿ ಹಿಡಿದುಕೊಂಡಿದ್ದರು. ಕೊಡಲೋ ಬೇಡವೋ ಅನ್ನುವ ಹಾಗೆ ಸ್ವಲ್ಪ ನಿಂತರು. ಆಮೇಲೆ ತೆಗೆದು ನನ್ನ ಕೈಗಿಟ್ಟರು.

‘ಇಷ್ಟ್ ಉಳ್ಕತು ಕಣಕ್ಕ’ ಅಂದರು. ‘ಏನೂ ಅಂದ್ಕಬ್ಯಾಡ.’

ಬಿಸಿಲಿಗೆ ಹಿಡಿದು ನೋಡಿದೆ. ನೀರು ಮೂರನೇ ಗೆರೆಯ ಮೇಲೆ ಅಲುಗುತ್ತಿತ್ತು. ಅದು ನಿಲ್ಲುವವರೆಗೂ ಕಾದು, ಅವರ ಹೆಸರಿನ ಮುಂದೆ ಬರೆದುಕೊಂಡೆ.